ಹೆಬ್ಬೆರಳು ಒಪ್ಪಿದ ಸ್ಪ್ರಿಂಗು

ನಾನು ಅವರನ್ನು ಹೆಚ್ಚಾಗಿ ಬಲ್ಲದ್ದು ಬೆನ್ನಿನ ಕಡೆಯಿಂದ. ವರ್ಷಗಟ್ಟಲೆ ಅವರ ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ಬಂದವನು ನಾನು. ಅವರ ಕತ್ತಿನ ಮಚ್ಚೆ, ಅಂಗಿಯ ಕಾಲರಿಗೆ ಒಳಗಿನಿಂದ ಹಾಕಿದ ತೇಪೆ, ಬೆನ್ನಿನ ಬೆವರು ಎಲ್ಲಿ ಹುಟ್ಟಿ ಎಲ್ಲಿಗೆ ಇಳಿಯುತ್ತದೆ ಎನ್ನುವುದು ಎಲ್ಲ ನನಗೆ ಬಾಯಿಪಾಠವಾಗಿತ್ತು. ಹೋದ ತಿಂಗಳು ಅವರು ತೀರಿಕೊಂಡರು. ನಮ್ಮ ಕಡೆಯ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಹೂವಿನ ಸರ ಹಾಕಿದ್ದರು. ಅವರ ಮುಖವನ್ನು ಎದುರಿನಿಂದ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಯಾರೋ ಬೇರೆಯವರ ಮನೆಗೆ ಬಂದುಬಿಟ್ಟೆನೇನೋ ಎಂದು ಒಂದು ಕ್ಷಣ ಗಾಬರಿಯಾಯಿತು.

ಹೆಸರು ಬರೆಯುವುದಿಲ್ಲ. ತಮ್ಮ ವಿಷಯ ಯಾರೂ ಮಾತಾಡಬಾರದು, ಮಾತಾಡಿದರೆ ಹೊಗಳಲೇಬೇಕು ಎನ್ನುವ ಸ್ವಭಾವ ಅವರದು. ನಾನು ಬರೆಯುವುದರಲ್ಲಿ ಹೊಗಳಿಕೆ ಅಷ್ಟಾಗಿ ಇರುವುದಿಲ್ಲ. ಓಣಿಯವರೆಲ್ಲ ಅವರನ್ನು ಅಣ್ಣಾರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಹೆಂಡತಿ ನನಗೆ ಅತ್ತಿಗೆ. ನಮ್ಮದು ನೆಂಟಸ್ತಿಕೆಯಲ್ಲ, ಗೋಡೆಗೆ ಗೋಡೆ ಹತ್ತಿದ ಮನೆಗಳು ಅಷ್ಟೆ.

ನಾನು ಆಗ ಸಿರುಗುಪ್ಪದಲ್ಲಿ ಹೈಸ್ಕೂಲು ಮೇಷ್ಟ್ರು. ಹುಟ್ಟಿದ್ದು ರಾರಾವಿಯಲ್ಲಿ, ಮನೆ ಮಾಡಿದ್ದು ಬಳ್ಳಾರಿಯಲ್ಲಿ, ಅನ್ನ ಸಿರುಗುಪ್ಪದಲ್ಲಿ. ಅಣ್ಣಾರು ಅದೇ ಸಿರುಗುಪ್ಪದ ಹೊರಗಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಒಂದು ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿರುವಾಗ ಗಾಡಿಯನ್ನು ನನ್ನ ಕಾಲಿನ ಮೇಲೆಯೇ ಹತ್ತಿಸುವಂತೆ ತಂದು ನಿಲ್ಲಿಸಿದರು.

"ಮೇಷ್ಟ್ರೇ, ನೀವು ದಿನಾ ಹೋಗಾದೂ ಅಲ್ಲಿಗೆ, ನಾನು ದಿನಾ ಹೋಗಾದೂ ಅಲ್ಲಿಗೆ. ಹತ್ರಿ."

ಅದು ಕರೆದ ಹಾಗೆ ಇರಲಿಲ್ಲ, ಬೈದ ಹಾಗೆ ಇತ್ತು. ಹತ್ತಿದೆ. ಊರು ದಾಟುವ ಮೊದಲೇ ಕಾಯಿದೆಗಳು ಶುರುವಾದವು. ಭುಜ ಹಿಡಿಯಬಾರದು. ತಿರುವಿನಲ್ಲಿ ಈ ಕಡೆ ಆ ಕಡೆ ವಾಲಬಾರದು. ಕೊಡೆ ತರಬಾರದು. ಮಾತಂತೂ ಆಡಲೇಬಾರದು.

"ನೀವು ಒಂದು ಅಕ್ಕಿ ಮೂಟಿ ಅಂತ ತಿಳ್ಕೋರಿ. ಮೂಟಿ ಹೆಂಗ ಕುಂದರತೈತಿ? ಹಂಗ ಕುಂದರ್ರಿ."

ಅಂದಿನಿಂದ ನಾನು ಮೂಟೆಯಾದೆ. ಕ್ಲಾಸಿನಲ್ಲಿ ಮಕ್ಕಳನ್ನು ಗದರಿಸಿ ನಡುಗಿಸುವವನು ಬೆಳಿಗ್ಗೆ ಸಂಜೆ ಮಾತ್ರ ಬಾಯಿ ಮುಚ್ಚಿಕೊಂಡ ಮೂಟೆ. ನನ್ನ ಸೊಂಟ ಇವತ್ತು ಹಿಡಿದುಕೊಂಡಿರುವುದಕ್ಕೆ ಅರ್ಧ ಕಾರಣ ವಯಸ್ಸು, ಇನ್ನರ್ಧ ಆ ಸೀಟು.

ಗಾಡಿ ಅವರ ತಂದೆಯ ಕಾಲದ್ದೇನಲ್ಲ, ಅಂಥ ಚಂದದ ಕಥೆ ಅದಕ್ಕಿಲ್ಲ. ಗುಂತಕಲ್ಲಿನ ಕಡೆಯ ರೈಲ್ವೆ ಡ್ರೈವರೊಬ್ಬರು ನಿವೃತ್ತರಾಗಿ ಊರಿಗೆ ಹೋಗುವಾಗ ಇವರಿಗೆ ಬಿಟ್ಟು ಹೋದದ್ದು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದ ಕಾಲದ ಭಾರದ ಗಾಡಿ. ಈಗಿನವರು ಯಾರಾದರೂ ಅದನ್ನು ಹತ್ತಿದರೆ ಬ್ರೇಕು ಹಾಕಲು ಹೋಗಿ ಗೇರು ಬದಲಾಯಿಸುತ್ತಾರೆ. ಹಾಗಾಗಿ ಯಾರೂ ಅದನ್ನು ಕೇಳುತ್ತಿರಲಿಲ್ಲ. ಅತ್ತಿಗೆಯ ತಮ್ಮ ಒಬ್ಬ ಮಾತ್ರ ಬಂದಾಗಲೆಲ್ಲ ಅದರ ಸುತ್ತ ಸುಳಿದಾಡುತ್ತಿದ್ದ. ಕುರುಗೋಡಿನಲ್ಲಿ ಬೇಸಾಯ ಮಾಡಿಕೊಂಡಿದ್ದ, ಟ್ರಾಕ್ಟರ್ ಓಡಿಸುತ್ತಿದ್ದ ಆಳು. ಅವನ ಕಣ್ಣು ಗಾಡಿಯ ಮೇಲೆ ಬಿದ್ದರೆ ಸಾಕು, ಅಣ್ಣಾರು ಬೀಗದ ಕೈಯನ್ನು ಬನಿಯನ್ನಿನ ಒಳಗೆ ಇಟ್ಟುಕೊಳ್ಳುತ್ತಿದ್ದರು.

ಅವರ ಕೆಲಸ ಹತ್ತಿ ನೋಡುವುದು. ನೋಡುವುದು ಎಂಬುದು ಮಾತಿಗೆ, ಕೆಲಸವೆಲ್ಲ ಹೆಬ್ಬೆರಳಿನದು. ಹತ್ತಿಯ ಒಂದು ಸಣ್ಣ ಎಸಳನ್ನು ಎರಡೂ ಕೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಎಳೆಯುವುದು, ಜೋಡಿಸುವುದು, ಮತ್ತೆ ಎಳೆಯುವುದು. ಎಳೆಗಳೆಲ್ಲ ಒಂದೇ ಸಮ ಸಾಲಾದ ಮೇಲೆ ಉದ್ದ ಹೇಳುತ್ತಿದ್ದರು. ಆಮೇಲೆ ಅದನ್ನು ಕಿವಿಯ ಹತ್ತಿರ ತಂದು ಪಟ್ಟನೆ ಜಗ್ಗಿ ಹರಿಯುತ್ತಿದ್ದರು. ಹರಿಯುವಾಗ ಬೆರಳಿಗೆ ಎಷ್ಟು ಎದುರು ಕೊಡುತ್ತದೆ ಎನ್ನುವುದರ ಮೇಲೆ ಎಳೆಯ ಕಸುವು ತಿಳಿಯುತ್ತದಂತೆ. ಫ್ಯಾಕ್ಟರಿಗೆ ಮಷೀನು ಬಂದ ಮೇಲೂ ರೈತರು ಅವರ ಬೆರಳಿನ ಹತ್ತಿರವೇ ಬರುತ್ತಿದ್ದರು. ಮಷೀನಿನ ಜೊತೆ ಜಗಳವಾಡಲು ಬರುವುದಿಲ್ಲವಲ್ಲ.

ಆ ಹೆಬ್ಬೆರಳು ಹತ್ತಿಗೆ ನಿಲ್ಲಲಿಲ್ಲ ಎನ್ನುವುದೇ ತೊಂದರೆ. ಬದನೆಕಾಯಿ, ಹುಣಸೆಹಣ್ಣು, ಚಪ್ಪಲಿಯ ಅಟ್ಟೆ, ಮಲ್ಲಿಗೆ ಮೊಗ್ಗು, ಎಲ್ಲವನ್ನೂ ಒತ್ತಿ, ಉಜ್ಜಿ ತೀರ್ಪು ಕೊಡಬೇಕು. ರೊಟ್ಟಿಯನ್ನೂ ಮೊದಲು ಹೆಬ್ಬೆರಳಿಂದ ಒತ್ತಿ, ಆಮೇಲೆ ಮುರಿಯುತ್ತಿದ್ದರು. ನನ್ನ ಮಗಳ ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯವರು ತಂದ ಸೀರೆಯನ್ನು ತಟ್ಟೆಯಿಂದ ಎತ್ತಿ, ಸೆರಗನ್ನು ಬೆರಳುಗಳ ನಡುವೆ ಉಜ್ಜಿ, "ಇದ್ರಾಗ ಅರ್ಧ ಪಾಲಿಸ್ಟರ್ ಐತಿ" ಎಂದುಬಿಟ್ಟರು. ನಾನು ನೆಲ ನೋಡಿದೆ. ಮದುವೆ ಹೇಗೋ ಆಯಿತು, ಮಗಳು ಸುಖವಾಗಿದ್ದಾಳೆ. ಆದರೆ ನನ್ನ ಬೀಗರು ಇವತ್ತಿಗೂ ಅವರ ಮಾತು ಬಂದರೆ ಮುಖ ಸಿಂಡರಿಸುತ್ತಾರೆ. ಸತ್ತ ಸುದ್ದಿ ಹೇಳಿದಾಗಲೂ, "ಆ ಪಾಲಿಸ್ಟರಿನವ್ರಾ?" ಎಂದು ಕೇಳಿದರು.

ಇಷ್ಟು ಒರಟರಾಗಿದ್ದವರು ಭಾನುವಾರ ಮಾತ್ರ ಬೇರೆ ಮನುಷ್ಯರು. ಅತ್ತಿಗೆ ಕುರುಗೋಡಿನವರು. ಅಲ್ಲಿ ತವರುಮನೆಯಲ್ಲಿ, ತಮ್ಮನ ಸಂಸಾರದ ಜೊತೆ, ಅವರ ದೊಡ್ಡಕ್ಕ ಇದ್ದರು. ಆಕೆಗೆ ಹುಟ್ಟಿನಿಂದ ಕಣ್ಣಿಲ್ಲ. ತಂಗಿಯ ಕೈ ಬಿಟ್ಟು ಬೇರೆ ಯಾರ ಕೈಯನ್ನೂ ತಲೆಗೆ ಹಚ್ಚಗೊಡುತ್ತಿರಲಿಲ್ಲ. ಚಿಕ್ಕಂದಿನಿಂದ ಬಂದ ಹಟ. ಅತ್ತಿಗೆ ವಾರಕ್ಕೊಮ್ಮೆ ಹೋಗಿ ಆಕೆಯ ತಲೆಗೆ ಎಣ್ಣೆ ಹಾಕಿ, ಸೀಗೆಕಾಯಿಯಲ್ಲಿ ತೊಳೆದು, ಬಿಸಿಲಿಗೆ ಕೂರಿಸಿ, ಸಿಕ್ಕು ಬಿಡಿಸಿ ಹೆರಳು ಹಾಕಿ ಬರಬೇಕು. ಆದರೆ ಅತ್ತಿಗೆಗೆ ಬಸ್ಸಿನ ವಾಸನೆ ಬಂದರೆ ಸಾಕು ಹೊಟ್ಟೆ ತೊಳೆಸಿ ಬರುತ್ತಿತ್ತು. ಕಾರಿನಲ್ಲಿಯೂ ಅಷ್ಟೆ. ಮುಖಕ್ಕೆ ಗಾಳಿ ಹೊಡೆಯುವ ಈ ಗಾಡಿಯೊಂದೇ ಅವರಿಗೆ ಆಗುತ್ತಿದ್ದದ್ದು. ಹಾಗಾಗಿ ಭಾನುವಾರ ಅಣ್ಣಾರು ಸೀಟಿನ ಮೇಲೆ ಹಳೆಯ ಕೌದಿ ಮಡಿಸಿ ಹಾಕಿ, ಅತ್ತಿಗೆ ಸೆರಗು ಬಿಗಿದುಕೊಳ್ಳುವವರೆಗೂ ಸುಮ್ಮನೆ ಕಾಯುತ್ತಿದ್ದರು. ಅತ್ತಿಗೆ ಭುಜ ಹಿಡಿಯುತ್ತಿದ್ದರು, ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಮೂಟೆಯ ಕಾಯಿದೆ ನನಗೊಬ್ಬನಿಗೇ.

ಒಂದು ಹತ್ತಿ ಸುಗ್ಗಿಯಲ್ಲಿ ಅಣ್ಣಾರು ದಿನವೂ ಎರಡು ಮಾತು ಹೇಳತೊಡಗಿದರು. ಒಂದು, ಈ ವರ್ಷದ ಹತ್ತಿಯ ಬಗ್ಗೆ. "ಇಂಥಾ ಎಳಿ ನಾನು ನೋಡೇ ಇಲ್ಲ ಮೇಷ್ಟ್ರೇ. ಜಗ್ಗಿದ್ರ ಹರಿಯವಲ್ದು. ಕಬ್ಬಿಣ ಬೆಳದಾರ, ಕಬ್ಬಿಣ." ಇನ್ನೊಂದು, ಗಾಡಿಯ ಬಗ್ಗೆ. "ಕ್ಲಚ್ಚು ಯಾಕೋ ಗಟ್ಟಿ ಆಗೈತಿ."

ನನ್ನಂಥ ಮೂಟೆಗಳಿಗಾಗಿ ಹೇಳುತ್ತೇನೆ. ಎಡಗೈಯಲ್ಲಿ ಒತ್ತುವ ಹಿಡಿಯೇ ಕ್ಲಚ್ಚಿನದು. ಒತ್ತಿದರೆ ಇಂಜಿನ್ನಿಗೂ ಗಾಲಿಗೂ ಇರುವ ಹಿಡಿತ ಬಿಟ್ಟು ಗೇರು ಬದಲಾಯಿಸಬಹುದು, ಕೈ ಬಿಟ್ಟರೆ ಮತ್ತೆ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿ ಹಿಡಿಯುವ ಕೆಲಸ ಒಳಗಿರುವ ಸ್ಪ್ರಿಂಗುಗಳದ್ದು. ಸ್ಪ್ರಿಂಗು ಗಟ್ಟಿ ಇದ್ದರೆ ಗಾಡಿ ಭಾರ ಎಳೆಯುತ್ತದೆ, ಕೈಗೆ ಮಾತ್ರ ಕಷ್ಟ. ಮೆತ್ತಗಿದ್ದರೆ ಕೈಗೆ ಸುಖ, ಆದರೆ ಭಾರ ಬಿದ್ದ ಕೂಡಲೇ ಹಿಡಿತ ಜಾರಿ ಇಂಜಿನ್ನು ಕೂಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಮೊದಲು ಕ್ಲಚ್ ವಾಯರ್ ಬದಲಾಯಿಸಿದರು. ಎಣ್ಣೆ ಬಿಟ್ಟರು. ಆಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಕೌಲ್ ಬಜಾರಿಗೆ ಹೋದರು. ಅಲ್ಲಿ ಅವರ ಮಿಸ್ತ್ರಿಯ ಶೆಡ್ಡು. ಮಿಸ್ತ್ರಿ ಇವರಿಗಿಂತ ಸ್ವಲ್ಪ ಚಿಕ್ಕವನು, ಗಡ್ಡ ಬೆಳ್ಳಗಾಗಿದ್ದರೂ ಮೀಸೆ ಕಪ್ಪು. ಇಬ್ಬರೂ ಮೊದಲಿನಿಂದ ಒಬ್ಬರನ್ನೊಬ್ಬರು ಬೈದುಕೊಂಡೇ ಬಂದವರು. ಅವನು ಎಡಗಡೆಯ ಮುಚ್ಚಳ ಬಿಚ್ಚಿ, ಸ್ಪ್ರಿಂಗುಗಳನ್ನು ತೆಗೆದು, ಒಂದು ಗಾಜಿನ ತುಂಡಿನ ಮೇಲೆ ಸಾಲಾಗಿ ನಿಲ್ಲಿಸಿದ. ಪಕ್ಕದಲ್ಲಿ ಒಂದು ಹೊಸ ಸ್ಪ್ರಿಂಗು ಇಟ್ಟ. ಹಳೆಯವೆಲ್ಲ ಹೊಸದಕ್ಕಿಂತ ಗಿಡ್ಡ.

"ಅಣ್ಣಾ, ಇವು ದಣಿದಾವ. ಸ್ಪ್ರಿಂಗ್ ದಣಿದ್ರ ಕ್ಲಚ್ ಹಗುರ ಆಗ್ಬೇಕು. ನಿಮಗ ಗಟ್ಟಿ ಹೆಂಗಾತು?"

"ನಿನಗ ಗೊತ್ತಾಗಿದ್ರ ನಾನ್ಯಾಕ ಬರ್ತಿದ್ದೆ? ಹೊಸಾವು ಹಾಕು. ಆರ್ಸೋದು ನಾನು."

ಬಿಡಿಭಾಗಗಳ ಅಂಗಡಿ ಎದುರಿಗೇ ಇತ್ತು. ಅಂಗಡಿಯವನು ಕಂಪನಿಯ ಸ್ಪ್ರಿಂಗು ತೋರಿಸಿದ. ಅಣ್ಣಾರು ಒಂದನ್ನು ಗಾಜಿನ ಮೇಲೆ ನಿಲ್ಲಿಸಿ ಎಡಗೈ ಹೆಬ್ಬೆರಳಿಂದ ಒತ್ತಿದರು. "ಇದು ಲಾರಿದು" ಎಂದು ತಳ್ಳಿದರು. ಲೋಕಲ್ ಮಾಲು ತೋರಿಸಿದ. "ಈಗಿನವ್ರಿಗೆ ಸ್ಪ್ರಿಂಗ್ ಮಾಡಾಕ ಬರಲ್ಲ, ಸಲಾಕಿ ಮಾಡ್ತಾರ." ಆ ಮಾತಿಗೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಒಂದೊಂದನ್ನೂ ಒತ್ತುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಹತ್ತಿ ನೋಡುವಾಗ ಮಾಡುವ ಹಾಗೆ. ಕೊನೆಗೆ ಗುಜರಿ ಅಂಗಡಿಯೊಂದರ ಡಬ್ಬಿ ಕೆದಕಿ, ತೆಳು ತಂತಿಯ ಒಂದು ಸೆಟ್ ಹಿಡಿದುಕೊಂಡು ಬಂದರು. ಮುಖದಲ್ಲಿ ಗೆದ್ದ ಕಳೆ.

"ಸ್ಪ್ರಿಂಗ್ ಅಂದ್ರ ಇದು ನೋಡ್ರಿ. ಕೈಯಾಗ ಮಾತಾಡತೈತಿ."

ಮಿಸ್ತ್ರಿ ತಿರುಗಿಸಿ ಮುರುಗಿಸಿ ನೋಡಿದ. "ಅರೆ ಅಣ್ಣಾ, ಇದು ಯಾವ್ದೋ ಸಣ್ ಗಾಡಿದು. ಅಳತಿಗೆ ಕೂಡತೈತಿ, ಖರೆ. ಭಾರ ಬಿದ್ರ ಜಾರ್ತೈತಿ."

"ಬೆರಳಾಗ ಹಿಡದು ನೋಡಿದವ ನಾನಾ, ನೀನಾ?"

ಮಿಸ್ತ್ರಿ ನನ್ನ ಮುಖ ನೋಡಿದ. ಆ ಬೆರಳಿಗೆ ಎದುರು ಮಾತಾಡುವ ರೂಢಿ ನಮ್ಮಿಬ್ಬರಿಗೂ ಇರಲಿಲ್ಲ. ಅವನು ಅದನ್ನೇ ಹಾಕಿಕೊಟ್ಟ. ವಾಪಸು ಬರುವಾಗ ಅಣ್ಣಾರು ಏನೋ ಗುನುಗುತ್ತಿದ್ದರು.

ಮಿಸ್ತ್ರಿ ಹೇಳಿದ್ದೇ ಆಯಿತು. ಬಳ್ಳಾರಿಯ ಕಡೆಯ ರಸ್ತೆಗಳು ಬಹುಪಾಲು ಸಪಾಟು, ಹಾಗಾಗಿ ಸುಮಾರು ದೂರ ಗೊತ್ತಾಗುತ್ತಿರಲಿಲ್ಲ. ಆದರೆ ಕಾಲುವೆ ಸೇತುವೆಗಳ ಹತ್ತಿರ ರಸ್ತೆ ಒಮ್ಮೆಲೇ ಏರುತ್ತದೆ. ಅಲ್ಲಿ ಇಂಜಿನ್ನು ಅರಚುತ್ತಿತ್ತು, ಗಾಡಿ ಒದ್ದಾಡುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಹಿಂದಿನಿಂದ ಭತ್ತದ ಲಾರಿಯವರು ಹಾರನ್ ಒತ್ತುತ್ತಿದ್ದರು. "ಮೂಟಿ ಸ್ವಲ್ಪ ಇಳೀಲಿ" ಎನ್ನುತ್ತಿದ್ದರು ಅಣ್ಣಾರು, ಹಿಂದಕ್ಕೆ ತಿರುಗದೆ. ಮೂಟೆ ಇಳಿದು ಏರು ನಡೆಯುತ್ತಿತ್ತು. ನನ್ನದೇ ತೂಕ ಹೆಚ್ಚಾಗಿದೆ ಎಂದು ವಾರಗಟ್ಟಲೆ ನನ್ನಿಂದ ಅನ್ನ ಬಿಡಿಸಲು ನೋಡಿದರು.

ಆ ದಿನಗಳಲ್ಲಿ ಒಂದು ಭಾನುವಾರ ನಾನು ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಬಸ್ಸಿನಲ್ಲಿ ಕುರುಗೋಡಿಗೆ ಹೋಗುತ್ತಿದ್ದೆ. ಕಾಲುವೆ ಸೇತುವೆಯ ಹತ್ತಿರ ಬಸ್ಸು ನಿಧಾನವಾಯಿತು. ಕಿಟಕಿಯಿಂದ ನೋಡಿದರೆ ಮುಂದೆ ಅವರ ಗಾಡಿ. ಏರು ಇನ್ನೂ ಶುರುವಾಗುವ ಮೊದಲೇ, ಅವರು ಹೇಳುವ ಮೊದಲೇ, ಅತ್ತಿಗೆ ಅವರ ಭುಜ ತಟ್ಟಿದರು. ಗಾಡಿ ನಿಂತಿತು. ಅತ್ತಿಗೆ ಇಳಿದು, ಎಣ್ಣೆ ಸೀಗೆಕಾಯಿಯ ಚೀಲ ಹಿಡಿದುಕೊಂಡು, ಬಿಸಿಲಿನಲ್ಲಿ ಸೇತುವೆಯ ಏರನ್ನು ನಡೆಯತೊಡಗಿದರು. ಅಣ್ಣಾರು ಒಬ್ಬರೇ ಮೇಲಕ್ಕೆ ಹೋಗಿ, ಗಾಡಿ ನಿಲ್ಲಿಸಿ, ಕಾಲುವೆಯ ನೀರನ್ನು ನೋಡುತ್ತಾ ನಿಂತರು. ಹೆಂಡತಿ ನಡೆದು ಬರುವುದನ್ನು ನೋಡಲಾರದೆ ಹಾಗೆ ನಿಂತಿದ್ದರು ಎನ್ನುವುದು ಬಸ್ಸಿನಲ್ಲಿ ಕೂತ ನನಗೂ ತಿಳಿಯಿತು.

ಮರುದಿನ ಅತ್ತಿಗೆಯನ್ನು ಕೇಳಿದೆ. "ಕುಂತು ಕುಂತು ಕಾಲು ಹಿಡಕೊಂತಾವ ಮೇಷ್ಟ್ರೇ. ಅದಕ್ಕ ಒಂದೀಟು ನಡೀತೀನಿ" ಎಂದರು. ಗಂಡನ ಬೆರಳನ್ನು ಸುಳ್ಳು ಮಾಡುವ ಮಾತು ಅವರ ಬಾಯಿಂದ ಬರುವ ಹಾಗಿರಲಿಲ್ಲ.

ಅಷ್ಟರಲ್ಲಿ ಆ ಮೆತ್ತನೆಯ ಸ್ಪ್ರಿಂಗುಗಳೂ ಗಟ್ಟಿಯಾದವು ಎಂದು ಶುರುವಾಯಿತು. ಎರಡು ಬೆರಳಲ್ಲಿ ಒತ್ತುತ್ತಿದ್ದವರು ನಾಲ್ಕೂ ಬೆರಳು ಹಾಕತೊಡಗಿದರು, ಆಮೇಲೆ ಅಂಗೈಯನ್ನು. ಸಿರುಗುಪ್ಪದ ಸಂತೆಯ ಹತ್ತಿರ ಒಮ್ಮೆ ಹಿಡಿ ಒತ್ತಲಾಗದೆ ಗಾಡಿ ಹೋಗಿ ಬಳೆ ಅಂಗಡಿಯವಳ ಬುಟ್ಟಿಗೆ ತಾಗಿತು. ಬಳೆ ಒಡೆಯಲಿಲ್ಲ. ಆದರೆ ಅಣ್ಣಾರು ಕ್ಷಮೆ ಕೇಳಿದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ, ನನಗೆ ಭಯವಾಗಿದ್ದೂ ಆಗಲೇ.

ಮತ್ತೆ ಕೌಲ್ ಬಜಾರು. ಇನ್ನೂ ಮೆತ್ತನೆಯ ಸ್ಪ್ರಿಂಗು ಬೇಕು ಎಂದರು. ಮಿಸ್ತ್ರಿ ತಾನೇ ಗಾಡಿಯ ಹತ್ತಿರ ಹೋಗಿ ಹಿಡಿ ಒತ್ತಿ ಬಿಟ್ಟ. ಇನ್ನೊಮ್ಮೆ ಒತ್ತಿ ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿದ.

"ಸಾರ್, ನೀವು ಒತ್ರಿ."

"ನನಗ ಗಾಡಿ ಹೊಡಿಯಾಕ ಬರಲ್ಲಪ್ಪ."

"ಹೊಡಿಯೋದು ಬ್ಯಾಡ. ಬರೇ ಒತ್ರಿ."

ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಹಿಡಿಯದ ಕೈ ನನ್ನದು. ಒತ್ತಿದೆ. ಬೆಣ್ಣೆಯಂತೆ ಬಂತು. ಗಟ್ಟಿ ಇದೆ ಎಂದು ಸುಳ್ಳು ಹೇಳೋಣವೆಂದುಕೊಂಡೆ, ಆದರೆ ಅಷ್ಟರಲ್ಲಿ ನನ್ನ ಎರಡು ಬೆರಳು ಹಿಡಿಯನ್ನು ಕೊನೆಯವರೆಗೂ ಒತ್ತಿಬಿಟ್ಟಿದ್ದವು. ತಲೆಯೆತ್ತಿದರೆ ಅಣ್ಣಾರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು.

ಮಿಸ್ತ್ರಿ ಅವರ ಎಡಗೈ ಹಿಡಿದು, ತನ್ನ ಗ್ರೀಸು ಮೆತ್ತಿದ ಕೈಯ ಪಕ್ಕ ಇಟ್ಟ. ಹೆಬ್ಬೆರಳಿನ ಬುಡದಲ್ಲಿ ಉಬ್ಬಿಕೊಂಡಿರಬೇಕಾದ ಮಾಂಸ ಅಣ್ಣಾರ ಕೈಯಲ್ಲಿ ಇರಲಿಲ್ಲ. ಅಲ್ಲಿ ಒಂದು ಹಳ್ಳ ಬಿದ್ದಿತ್ತು. ವರ್ಷಗಟ್ಟಲೆ ಬೆನ್ನು ನೋಡುತ್ತಾ ಕೂತಿದ್ದ ನನಗೆ ಅದು ಕಂಡೇ ಇರಲಿಲ್ಲ.

"ಅಣ್ಣಾ, ಸ್ಪ್ರಿಂಗ್‌ದು ತಪ್ಪಿಲ್ಲ. ಡಾಕ್ಟರ್‌ಗೆ ತೋರ್ಸ್ರಿ. ಇದು ನನ್ ಕೆಲ್ಸ ಅಲ್ಲ."

"ಲೇ, ನೀನು ಗಾಡಿ ರಿಪೇರಿ ಮಾಡು, ನನ್ನನ್ನಲ್ಲ" ಎಂದು ಕೈ ಕಿತ್ತುಕೊಂಡರು. ಎಂದಿನ ಬೈಗುಳವೇ, ಆದರೆ ಮಿಸ್ತ್ರಿ ಈ ಸಲ ತಿರುಗಿ ಬೈಯಲಿಲ್ಲ. ಅದು ಅವರನ್ನು ಹೆಚ್ಚು ನೋಯಿಸಿತು ಅನ್ನಿಸುತ್ತದೆ. ವಾಪಸು ಬರುವಾಗ ರೈಲ್ವೆ ಬ್ರಿಡ್ಜಿನ ಹತ್ತಿರ ಅವರು ಹೇಳುವ ಮೊದಲೇ ನಾನು ಇಳಿದೆ.

ಬಳ್ಳಾರಿಯ ಡಾಕ್ಟರು ನೋಡಿದರು, ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು, ಸೂಜಿ ಚುಚ್ಚಿ ಕರೆಂಟು ಬಿಟ್ಟು ಪರೀಕ್ಷೆ ಮಾಡಿದರು. ನರಗಳ ಕಾಯಿಲೆ ಎಂದರು. ಸ್ನಾಯು ಒಂದೊಂದಾಗಿ ಕರಗುತ್ತಾ ಹೋಗುತ್ತದೆ, ಎಡಗೈ ಆದ ಮೇಲೆ ಬಲಗೈ, ಆಮೇಲೆ ಕಾಲು, ಆಮೇಲೆ ನುಂಗುವುದು, ಉಸಿರಾಡುವುದು. ಔಷಧವಿಲ್ಲ. ಗಾಡಿ ಓಡಿಸಬೇಡಿ ಎಂದೂ ಹೇಳಿದರು. ಅಣ್ಣಾರು ಮೊದಲಿನದಕ್ಕೆಲ್ಲ ತಲೆ ಆಡಿಸಿ, ಈ ಕೊನೆಯ ಮಾತಿಗೆ ಮಾತ್ರ ಡಾಕ್ಟರ ಜೊತೆ ಜಗಳಕ್ಕೆ ಹೋದರಂತೆ. ಅತ್ತಿಗೆ ಹೇಳಿದ್ದು.

ಜಗಳವಾಡಿ ಏನು ಪ್ರಯೋಜನ? ಗಾಡಿ ಅಂಗಳದ ಬೇವಿನ ನೆರಳಲ್ಲಿ ನಿಂತಿತು. ನಾನು ಮತ್ತೆ ಬಸ್ಸಿಗೆ ಓಡತೊಡಗಿದೆ. ಸಂಜೆ ಬಂದು ಅವರ ಪಕ್ಕ ಕೂರುತ್ತಿದ್ದೆ. ಬೆಳಿಗ್ಗೆ ತಾವೇ ಹಚ್ಚಿಕೊಳ್ಳುತ್ತಿದ್ದ ವಿಭೂತಿಯ ಗೆರೆಗಳು ದಿನದಿಂದ ದಿನಕ್ಕೆ ಸೊಟ್ಟಗಾಗುತ್ತಿದ್ದವು, ಬಲಗೈಯೂ ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಹಾಗೆ. ಯಾರೂ ಬೆರಳು ಕೇಳಿಕೊಂಡು ಬರುತ್ತಿರಲಿಲ್ಲ. ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಅಂದರು:

"ಮೇಷ್ಟ್ರೇ, ಆ ವರ್ಷದ ಹತ್ತಿ ಗಟ್ಟಿ ಇರಲಿಲ್ಲ."

ತಮ್ಮ ಬೆರಳು ಸೋಲುತ್ತಿದ್ದಾಗ ಅವರು ಲೋಕವೇ ಗಟ್ಟಿಯಾಗುತ್ತಿದೆ ಎಂದುಕೊಂಡಿದ್ದರು. ಹತ್ತಿಯನ್ನು ಹೊಗಳಿದ್ದು, ಸ್ಪ್ರಿಂಗನ್ನು ಬೈದದ್ದು ಎರಡೂ ಅದರಿಂದಲೇ. ಆ ಸಂಜೆ ನಾನು ಮನೆಗೆ ಬಂದು ಊಟ ಮಾಡಲಿಲ್ಲ. ಇಷ್ಟು ಜಂಬದ ಮನುಷ್ಯನಿಗೆ ಇಂಥ ಶಿಕ್ಷೆ ಬೇಕಿತ್ತೇ ಎಂದು ದೇವರ ಮೇಲೆ ಸಿಟ್ಟು ಬಂತು, ಇವತ್ತಿಗೂ ಇದೆ.

ಅತ್ತಿಗೆಯ ಭಾನುವಾರಗಳು ನಿಂತುಹೋದವು. ಒಮ್ಮೆ ಹಟ ಹಿಡಿದು ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ವಾಂತಿಯಾಗಿ, ತವರುಮನೆಯ ಜಗುಲಿಯ ಮೇಲೆ ಸಂಜೆಯವರೆಗೂ ಬಿದ್ದುಕೊಂಡಿದ್ದು, ದೊಡ್ಡಕ್ಕನ ತಲೆ ಮುಟ್ಟಲಾಗದೆ ಬಂದರು. ದೊಡ್ಡಕ್ಕ ಬೇರೆಯವರಿಗೆ ತಲೆ ಕೊಡಲಿಲ್ಲ. ಕೂದಲೆಲ್ಲ ಸಿಕ್ಕುಗಟ್ಟಿ ಕತ್ತರಿಸಬೇಕಾಗಿ ಬರುತ್ತದೆ ಎಂದು ಅತ್ತಿಗೆಯ ತಮ್ಮ ಫೋನು ಮಾಡಿ ಹೇಳಿದ. "ನಾನ ಬಂದು ಭಾವನ ಗಾಡಿ ಮ್ಯಾಲ ನಿನ್ನ ಕರ್ಕೊಂಡು ಹೋಗ್ತೀನಿ" ಎಂದೂ ಹೇಳಿದ. ಅತ್ತಿಗೆ ಆ ಮಾತನ್ನು ಗಂಡನಿಗೆ ಹೇಳಲಿಲ್ಲ. ಆದರೆ ಚಿಕ್ಕ ಮನೆ, ಫೋನಿನ ಮಾತು ಮೂಲೆ ಮೂಲೆಗೂ ಕೇಳುತ್ತದೆ.

ಮೂರನೆಯ ದಿನ ಅಣ್ಣಾರು ಗೋಡೆಯ ಆಚೆಯಿಂದ ನನ್ನನ್ನು ಕೂಗಿದರು.

"ಕೌಲ್ ಬಜಾರಿಗೆ ಹೋಗಿ ಬರ್ರಿ. ಅವತ್ತು ನಾನು ಬ್ಯಾಡ ಅಂದ್ನೆಲ್ಲ, ಆ ಸ್ಪ್ರಿಂಗ್ ತರ್ರಿ. ಎರಡೂ ತರದ್ದು ತರ್ರಿ."

ಹೋಗಿ ತಂದೆ. ಅವರ ಎದುರು ಸ್ಟೂಲಿನ ಮೇಲೆ ಕಂಪನಿಯದನ್ನೂ ಲೋಕಲ್ ಮಾಲನ್ನೂ ಇಟ್ಟೆ. ಅಭ್ಯಾಸಬಲದಿಂದ ಅವರ ಕೈ ಮುಂದೆ ಬಂತು. ಒಂದರ ಮೇಲೆ ಹೆಬ್ಬೆರಳು ಇಟ್ಟರು. ಬೆರಳು ಜಾರಿ ಸ್ಟೂಲಿನ ಮೇಲೆ ಬಿತ್ತು. ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಎಳೆದುಕೊಂಡರು.

"ನೀವು ಒತ್ತಿ ನೋಡ್ರಿ."

"ನನಗೇನು ತಿಳೀತೈತಿ ಅಣ್ಣಾರೆ?"

"ತಿಳೀಲಾರದ್ದೇನೈತಿ? ಕಣ್ಣು ಮುಚ್ರಿ. ಸೀದಾ ಒತ್ರಿ, ಸೊಟ್ಟ ಬ್ಯಾಡ. ಯಾವ್ದು ನಿಮ್ಮನ್ನ ವಾಪಸ್ ತಳ್ಳತೈತಿ, ಹೇಳ್ರಿ."

ಕಣ್ಣು ಮುಚ್ಚಿ ಒತ್ತಿದೆ. ಲೋಕಲ್ ಮಾಲು ಮೊದಲು ಎದುರಾಡಿ ಆಮೇಲೆ ಸೋತಿತು. ಕಂಪನಿಯದು ಕೊನೆಯವರೆಗೂ ಬೆರಳನ್ನು ಮೇಲಕ್ಕೆ ನೂಕುತ್ತಲೇ ಇತ್ತು. ಒಂದೊಂದನ್ನೂ ಒತ್ತಿ ಹೇಳುತ್ತಾ ಹೋದೆ, ಅವರು ಕೇಳುತ್ತಾ ಹೋದರು. ಒಂದು ಸ್ವಲ್ಪ ಮೆತ್ತಗಿದೆ ಎಂದ ಕೂಡಲೇ, "ಅದನ್ನ ಬದಲಿ ಮಾಡಸ್ರಿ. ಒಂದು ಸೋತ್ರ ಉಳಿದವು ಸೊಟ್ಟ ಹಿಡೀತಾವ" ಎಂದರು. ನಾನು ಮತ್ತೆ ಕೌಲ್ ಬಜಾರಿಗೆ ಹೋಗಿ ಬದಲಾಯಿಸಿಕೊಂಡು ಬಂದೆ. ಜೀವನದಲ್ಲಿ ಮೊದಲ ಸಲ ಅವರು ನನ್ನ ಮಾತನ್ನು ನಂಬಿದ್ದರು, ನನಗೆ ಅದರಿಂದ ಸ್ವಲ್ಪವೂ ಸಂತೋಷವಾಗಲಿಲ್ಲ.

ಗಟ್ಟಿ ಸ್ಪ್ರಿಂಗು ಹಾಕಿಸುವುದು ಎಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೆತ್ತನೆಯವು ಒಳಗಿರುವವರೆಗೂ ಗಾಡಿ ಅವರದಾಗಿತ್ತು. ಎಂದಾದರೂ ಒಂದು ದಿನ ಕೈಗೆ ಸ್ವಲ್ಪ ಬಲ ಬಂದರೆ ಕೂತುಕೊಂಡು ಹೋಗಿಬಿಡಬಹುದು ಎನ್ನುವ ಆಸೆಯೂ ಅದರ ಒಳಗೇ ಇತ್ತು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಈಗ್ಯಾಕ್ರೀ ಅದೆಲ್ಲ? ಇರ್ಲಿ ಬಿಡ್ರಿ" ಎಂದರು.

"ಇವಳನ್ನ ಕುಂದರಿಸ್ಕೊಂಡು ಇವಳ ತಮ್ಮ ಸೇತುವಿ ಏರಬೇಕು. ಇಳಸಬಾರದು" ಎಂದರು ಅಣ್ಣಾರು, ನನ್ನ ಕಡೆ ನೋಡಿ. ಅತ್ತಿಗೆ ಯಾಕೆ ಇಳಿಯುತ್ತಿದ್ದರು ಎಂಬ ಮಾತು ಆ ಮನೆಯಲ್ಲಿ ಬಂದದ್ದು ಅದೇ ಮೊದಲು. ಅತ್ತಿಗೆ ಒಳಗೆ ಹೋದರು.

ಮಿಸ್ತ್ರಿ ತನ್ನ ಪಾನಾ, ಸ್ಕ್ರೂಡ್ರೈವರುಗಳ ಪೆಟ್ಟಿಗೆ ಹಿಡಿದುಕೊಂಡು ಮನೆಗೇ ಬಂದ. ಅಣ್ಣಾರನ್ನು ಕುರ್ಚಿ ಸಮೇತ ಅಂಗಳಕ್ಕೆ ತಂದು ಕೂರಿಸಿದೆವು. ಅವನು ಮುಚ್ಚಳ ಬಿಚ್ಚಿ, ಮೆತ್ತನೆಯ ಸ್ಪ್ರಿಂಗುಗಳನ್ನು ತೆಗೆದು ಹಾಳೆಯ ಮೇಲೆ ಇಟ್ಟು, ಗಟ್ಟಿಯವನ್ನು ಒಂದೊಂದಾಗಿ ಕೂರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಬೈಯಲಿಲ್ಲ. ಕೆಲಸ ಮುಗಿದ ಮೇಲೆ ಮಿಸ್ತ್ರಿ ಗಾಡಿ ಚಾಲೂ ಮಾಡಿ, ಓಣಿಯ ತುದಿಯವರೆಗೆ ಹೋಗಿ ಬಂದು, ಇಂಜಿನ್ನು ನಿಲ್ಲಿಸಿದ.

"ಒಮ್ಮಿ ನನ್ನ ಎಬ್ಬಸ್ರಿ" ಎಂದರು ಅಣ್ಣಾರು.

ಆ ಕಡೆ ಮಿಸ್ತ್ರಿ, ಈ ಕಡೆ ನಾನು ಹಿಡಿದು ಗಾಡಿಯ ಪಕ್ಕಕ್ಕೆ ಕರೆದುಕೊಂಡು ಹೋದೆವು. ಎಡಗೈ ತಾನಾಗಿ ಮೇಲೇಳುತ್ತಿರಲಿಲ್ಲ. ಅತ್ತಿಗೆ ಬಂದು ಆ ಕೈಯನ್ನು ಎತ್ತಿ ಹಿಡಿಯ ಮೇಲೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಅಣ್ಣಾರು ಕಣ್ಣು ಮುಚ್ಚಿ ಒತ್ತಿದರು. ಕುತ್ತಿಗೆಯ ನರ ಉಬ್ಬಿತು, ತುಟಿ ಬಿಗಿಯಿತು. ಹಿಡಿ ಎಳ್ಳಷ್ಟೂ ಅಲುಗಲಿಲ್ಲ.

ಅವರು ಕಣ್ಣು ತೆರೆದರು.

"ಹೂಂ. ಈಗ ಸರಿ ಐತಿ" ಎಂದರು. "ನಿನ್ನ ತಮ್ಮಗ ಬರಾಕ ಹೇಳು."